ಹುಲಿಗೆಮ್ಮನ ನಂಬರು ಕೆನಡಾಕ್ಕೆ ಹೋಗಿ ಬಂದದ್ದು

ಹಂಪಸಾಗರ

ನಾವು ಹೊರಟದ್ದು ಮಂಗಳವಾರ ಎಂದು ನನ್ನ ನೆನಪು. ಗುರುವಾರ ಎನ್ನುತ್ತಾನೆ ಹಾಲಪ್ಪ. ಪಾಸ್‌ಪೋರ್ಟಿನ ಮುದ್ರೆ ನೋಡಿದರೆ ಒಂದು ನಿಮಿಷದಲ್ಲಿ ತೀರ್ಮಾನವಾಗುವ ಮಾತು, ಆದರೂ ನಾನು ನೋಡಿಲ್ಲ. ನೆನಪು ಎಲ್ಲೆಲ್ಲಿ ತನಗೆ ಬೇಕಾದ ಹಾಗೆ ಮಡಚಿಕೊಂಡಿದೆಯೋ ಅಲ್ಲೆಲ್ಲ ಮಡಿಕೆ ಕಾಣುವಂತೆಯೇ ಬರೆಯಬೇಕೆಂದಿದ್ದೇನೆ. ಒಂದು ಕಡೆಯಂತೂ ನಾನು ಹೇಳಿದ್ದನ್ನು ನಾನೇ ವಾಪಸು ತೆಗೆದುಕೊಳ್ಳಬೇಕಾಗುತ್ತದೆ.

ಹಾಲಪ್ಪ ಹಂಪಸಾಗರದ ಗೌಂಡಿ. ಸುಡದ, ಬರೀ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ ಕಟ್ಟುವುದರಲ್ಲಿ ಹಗರಿಬೊಮ್ಮನಹಳ್ಳಿಯಿಂದ ಹಡಗಲಿಯವರೆಗೆ ಅವನಷ್ಟು ಪಳಗಿದವರು ಇಲ್ಲ. ಅವನ ಹೆಂಡತಿ ಹುಲಿಗೆಮ್ಮ ಮೂವತ್ತು ವರ್ಷದಿಂದ ಅವನ ಕೈಗೆ ಇಟ್ಟಿಗೆ ಕೊಡುತ್ತ ಬಂದವಳು. ನಾನು ಹರಪನಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಹಾಲಪ್ಪನ ಗೋಡೆಗಳ ಬಗ್ಗೆ ಒಂದು ಇಂಗ್ಲಿಷ್ ಪತ್ರಿಕೆಗೆ ಬರೆದಿದ್ದೆ. ಅದನ್ನು ಓದಿ ಕೆನಡಾದಿಂದ ಪತ್ರ ಬಂತು. ವ್ಯಾಂಕೂವರ್ ಎಂಬ ಊರಿನ ಹತ್ತಿರ ಒಂದು ದೊಡ್ಡ ತೋಟದಲ್ಲಿ ಬೇರೆ ಬೇರೆ ದೇಶದವರಿಂದ ಮಣ್ಣಿನ ಗೋಡೆ ಕಟ್ಟಿಸುತ್ತಾರಂತೆ. ಇಬ್ಬರಿಗೆ ಟಿಕೆಟ್ಟು: ಒಬ್ಬ ಗೌಂಡಿ, ಒಬ್ಬ ದುಭಾಷಿ. ಹಾಗೆಂದು ಪತ್ರವನ್ನು ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ಹುಲಿಗೆಮ್ಮ ಆಗ ಆಟ ಆಡುತ್ತಿದ್ದಳು. ಅಂಗೈಯಗಲದ ಪ್ಲಾಸ್ಟಿಕ್ಕಿನ ಯಂತ್ರ. ಬೂದು ಪರದೆಯಲ್ಲಿ ಮೇಲಿನಿಂದ ಒಂದೊಂದೇ ಇಟ್ಟಿಗೆ ತುಂಡು ಇಳಿಯುತ್ತದೆ. ತಿರುಗಿಸಿ ಕೂಡಿಸಬೇಕು. ಒಂದು ಸಾಲು ಭರ್ತಿಯಾದರೆ ಆ ಸಾಲು ಮಾಯ, ಅಂಕ ಏರುತ್ತದೆ. ಸಾಲು ತುಂಬದೆ ರಾಶಿ ಮೇಲೆ ಮುಟ್ಟಿದರೆ ಆಟ ಮುಗಿಯಿತು. ಊರಿನಲ್ಲಿ ಅದಕ್ಕೆ ಇಟ್ಟಂಗಿ ಆಟ ಎಂದೇ ಹೆಸರು. ಕೊಟ್ಟೂರಿನಲ್ಲಿ ಮನೆ ಕಟ್ಟಿಸಿದವರು, ಸೆಲ್ ಹಾಕುವ ಕಡೆಯ ಮುಚ್ಚಳ ಕಳೆದುಹೋಗಿದೆಯೆಂದು ಬಿಸಾಡಲು ಹೊರಟದ್ದನ್ನು ಇಸಿದುಕೊಂಡು, ಸೈಕಲ್ ಟ್ಯೂಬಿನ ಉಂಗುರ ಬಿಗಿದು ಇಟ್ಟುಕೊಂಡಿದ್ದಳು. ಪರದೆಯ ಮೂಲೆಯಲ್ಲಿ ಅದುವರೆಗಿನ ಅತಿ ಹೆಚ್ಚಿನ ಅಂಕ ನಿಂತಿರುತ್ತದೆ. ಅದು ಅವಳದು. ಇಪ್ಪತ್ತಮೂರು ಸಾವಿರದ ಏಳುನೂರು. ಕೂಲಿಗೆ ಬರುವ ಹೆಂಗಸರು, ಮಣ್ಣು ಕಲಸುವವರು, ಮನೆ ಕಟ್ಟಿಸುವವರ ಮಕ್ಕಳು, ಯಾರೂ ಅದರ ಅರ್ಧಕ್ಕೂ ಬಂದಿರಲಿಲ್ಲ.

"ಇಬ್ಬರಿಗೆ ಅಂದ್ರಿ?" ಎಂದಳು, ತಲೆ ಎತ್ತದೆ.

"ಹೌದಕ್ಕ. ಇವರು, ಮತ್ತ ಮಾತು ಹೇಳಾಕ ನಾನು."

ಅವಳು ಒಂದು ಸಾಲು ತುಂಬಿಸಿ ಮಾಯ ಮಾಡಿದಳು. ಇನ್ನೊಂದು. ಆಮೇಲೆ ಆಟ ನಿಲ್ಲಿಸಿ ಯಂತ್ರವನ್ನು ಗಂಡನ ತೊಡೆಯ ಮೇಲೆ ಇಟ್ಟಳು.

"ನನಗ ಬರಾಕ ಆಗಂಗಿಲ್ಲ ಅಂದ ಮ್ಯಾಲ ನನ್ನ ನಂಬರಾದ್ರು ಹೋಗ್ಲಿ. ಆ ದೇಶದಾಗ ನಾಕು ಮಂದಿಗೆ ತೋರಿಸ್ರಿ. ಹೆಂಗ ಒಯ್ತೀರೋ ಹಂಗ ತಂದು ಕೊಡ್ರಿ."

ಕಷ್ಟ ಏನೆಂದರೆ, ಸೆಲ್ ತೆಗೆದ ಕ್ಷಣ ಆ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಸೆಲ್ ಸತ್ತರೂ ಅಷ್ಟೇ. ಅದಕ್ಕಿರುವುದು ಎರಡು ಪೆನ್ಸಿಲ್ ಸೆಲ್ಲಿನಷ್ಟು ಉದ್ದದ ನೆನಪು. ಇದಕ್ಕೆ ಹಗರಿಬೊಮ್ಮನಹಳ್ಳಿಯ ರೇಡಿಯೋ ರಿಪೇರಿಯವನು ಹುಲಿಗೆಮ್ಮನಿಗೆ ಉಪಾಯ ಮಾಡಿಕೊಟ್ಟಿದ್ದ. ಎರಡು ಸೆಲ್ ಹಿಡಿಸುವ ಸಣ್ಣ ಡಬ್ಬಿ, ಅದರಿಂದ ಹೊರಟ ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಸೆಲ್ ಬದಲಿಸುವಾಗ ಈ ತಂತಿಗಳನ್ನು ಯಂತ್ರದ ಹಿಂದಿನ ಎರಡು ತಗಡಿಗೆ ಮುಟ್ಟಿಸಿ ಹಿಡಿಯಬೇಕು. ಹಳೆಯದು ಹೋಗಿ ಹೊಸದು ಕೂರುವವರೆಗೆ ಡಬ್ಬಿಯ ಸೆಲ್ಲುಗಳು ಉಸಿರು ಕೊಡುತ್ತವೆ. ಅವಳು ನನಗೆ ಮೂರು ಸಲ ಮಾಡಿ ತೋರಿಸಿದಳು. "ಕೆಂಪು ಮ್ಯಾಲಿಂದಕ್ಕ. ಮರೀಬ್ಯಾಡ್ರಿ ಮೇಷ್ಟ್ರೆ."

ಮುಂಬೈ

ಸಾಮಾನು ತಪಾಸಣೆ ಮಾಡುವವರು ನಮ್ಮ ಚೀಲದಿಂದ ಮೊದಲು ಎತ್ತಿದ್ದೇ ಅದನ್ನು. ಟ್ಯೂಬು ಬಿಗಿದ ಯಂತ್ರ, ಪಕ್ಕದಲ್ಲಿ ತುದಿ ಸುಲಿದ ಎರಡು ತಂತಿಯ ಡಬ್ಬಿ. ಅವರಿಗೆ ಏನು ಕಂಡಿತೆಂದು ನಾನು ಹೇಳಬೇಕಿಲ್ಲ. ಮೀಸೆಯ ಅಧಿಕಾರಿಯೊಬ್ಬರು ಬಂದು ಸೆಲ್ ತೆಗೆಯಿರಿ ಎಂದರು. ನಿಯಮ.

ನನಗೆ ಇಂಗ್ಲಿಷ್ ಬರುತ್ತದೆ, ಹಿಂದಿಯೂ ಒಂದಿಷ್ಟು. ಆ ಹೊತ್ತಿಗೆ ಎರಡೂ ಬರಲಿಲ್ಲ. ಮುಂದೆ ಬಂದವನು ಹಾಲಪ್ಪ. ಸಂತೆಯಲ್ಲಿ, ಮಸೀದಿಯ ಕಾಂಪೌಂಡು ಕಟ್ಟುವಾಗ ಕಲಿತ ಅವನ ಉರ್ದುವಿನಲ್ಲಿ ಕೈಮುಗಿದು ಹೇಳಿದ, "ನಿಕಾಲೋ ಮತ್ ಸಾಬ್. ಅಂದರ್ ಮೇರಿ ಘರ್‌ವಾಲಿ ಹೈ."

ತೆಗೆಯಬೇಡಿ, ಒಳಗೆ ನನ್ನ ಹೆಂಡತಿ ಇದ್ದಾಳೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

ಅಧಿಕಾರಿ ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಗ ನನಗೆ ಮಾತು ಮರಳಿ ಬಂತು. ಮೂಲೆಯ ಅಂಕವನ್ನು ತೋರಿಸಿ ವಿವರಿಸಿದೆ. ಅವರು ನಂಬಲಿಲ್ಲ, ಆದರೆ ಗುಂಡಿ ಒತ್ತಿದರು. ತುಂಡುಗಳು ಇಳಿಯತೊಡಗಿದವು. ಮುಂದಿನ ಐದು ನಿಮಿಷ ವಿದೇಶಕ್ಕೆ ಹೋಗುವ ಒಂದು ಸಾಲು ಜನ ಅಲ್ಲಾಡದೆ ನಿಂತಿತ್ತು. ಸಾವಿರದ ಇನ್ನೂರಕ್ಕೆ ಅವರ ರಾಶಿ ಮೇಲೆ ಮುಟ್ಟಿತು.

"ಇಪ್ಪತ್ತಮೂರು ಸಾವಿರ?" ಎಂದು ಹಿಂದಿಯಲ್ಲಿ ಕೇಳಿದರು.

"ಏಳುನೂರು ಮತ್ತ," ಎಂದ ಹಾಲಪ್ಪ ಕನ್ನಡದಲ್ಲಿ.

ಅವರು ಯಂತ್ರವನ್ನು ಎರಡೂ ಕೈಯಿಂದ ವಾಪಸು ಕೊಟ್ಟರು. ಎರಡೂ ಕೈಯಿಂದ ಎಂಬುದು ನನಗೆ ಖಚಿತವಾಗಿ ನೆನಪಿದೆ. ಅಥವಾ ಹಾಗೆ ಕೊಟ್ಟಿರಬೇಕು ಎಂದು ಆಮೇಲೆ ಅನ್ನಿಸಿ ನೆನಪಾಗಿದೆಯೋ.

ಫ್ರಾಂಕ್‌ಫರ್ಟ್

ಈ ವಿಮಾನ ನಿಲ್ದಾಣದಲ್ಲಿ ನೆಲ ನಡೆಯುತ್ತದೆ, ನಾವು ನಿಂತಿರಬೇಕು. ಹಾಲಪ್ಪ ಅದರ ಮೇಲೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟ. ಅವನು ಎಲ್ಲಿ ದೊಡ್ಡದನ್ನು ಕಂಡರೂ ಮೊದಲು ಚಪ್ಪಲಿ ಬಿಡುತ್ತಾನೆ. ಚಪ್ಪಲಿ ಹಿಂದೆ ಉಳಿದು ನಾವು ಮುಂದೆ ಹೋದೆವು. ಹೆಂಗಸೊಬ್ಬಳು ಅವನ್ನು ಕೈಯಲ್ಲಿ ಹಿಡಿದು, ಮುಖದಲ್ಲಿ ಏನೂ ತೋರಿಸಿಕೊಳ್ಳದೆ ತಂದು ಕೊಟ್ಟಳು.

ಅವನ ಬೆರಗಿಗಿಂತ ನನ್ನದು ಬೇರೆ. ಹಗಲು ಹನ್ನೊಂದು ಗಂಟೆಗೆ ಅಲ್ಲಿ ಸಾವಿರಾರು ದೀಪ ಉರಿಯುತ್ತಿದ್ದವು. ನಮ್ಮ ಕಡೆ ಕರೆಂಟು ಬಂದರೆ ಬಂತು ಎಂದು ಕೂಗುತ್ತಾರೆ, ಓಡಿಹೋಗಿ ಮೋಟರು ಹಾಕುತ್ತಾರೆ. ಇಲ್ಲಿ ಅದು ಎಂದಾದರೂ ಹೋಗಬಹುದೆಂಬ ಅನುಮಾನವೇ ಯಾರ ಮುಖದಲ್ಲೂ ಇರಲಿಲ್ಲ. ಅನುಮಾನವಿಲ್ಲದ ಅಷ್ಟು ಮುಖಗಳನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಹಾಲಪ್ಪ ಮುಂಬೈಯಿಂದಲೂ ಆಡುತ್ತ ಬಂದಿದ್ದ. ವಿಮಾನದ ಭಯಕ್ಕೆ ಅವನ ಮದ್ದು ಅದು. ಅವನು ಆಡಿದರೆ ಹೆಂಡತಿಯ ನಂಬರಿಗೆ ಅಪಾಯವೇನೂ ಇರಲಿಲ್ಲ, ಯಾಕೆಂದರೆ ಅವನು ಗೌಂಡಿಯ ಹಾಗೆ ಆಡುತ್ತಾನೆ. ಸಂದಿನ ಮೇಲೆ ಸಂದು ಬೀಳದಂತೆ ಕೂಡಿಸುತ್ತಾನೆ, ನಡುವೆ ಉದ್ದಕ್ಕೂ ಖಾಲಿ ಬಿಡುತ್ತಾನೆ. ಅಲ್ಲೇಕೆ ತುಂಬಿಸಲಿಲ್ಲ ಎಂದರೆ, "ಬಾಗಲಾ ಬ್ಯಾಡೇನ್ರಿ ಮನಿಗೆ?" ರಾಶಿ ಮೇಲೆ ಮುಟ್ಟಿ ಆಟ ಮುಗಿದಾಗ ನಾವೆಲ್ಲ ಸೋತೆವು ಎನ್ನುತ್ತೇವೆ. ಅವನು ಗ್ವಾಡಿ ಮುಗೀತು ಎನ್ನುತ್ತಾನೆ. ಎಲ್ಲಾದರೂ ತಪ್ಪಿ ಒಂದು ಸಾಲು ಭರ್ತಿಯಾಗಿ ಮಾಯವಾದರೆ ಅವನಿಗೆ ಸಿಟ್ಟು. "ಕಟ್ಟಿದ್ದನ್ನ ಕಟ್ಟಿದಂಗ ತಿಂತೈತಲ್ರಿ ಇದು."

ಆಡಿ ಆಡಿ ಪರದೆ ಮಸುಕಾಗಿತ್ತು. ಅಲ್ಲಿನ ಒಂದು ಬೆಂಚಿನ ಮೇಲೆ ಕುಳಿತು ಯಂತ್ರದ ದಣಿದ ಸೆಲ್ಲುಗಳನ್ನು ತೆಗೆದು ಕೈಚೀಲದಲ್ಲಿದ್ದ ಒಂದೇ ಜೋಡಿಯನ್ನು ಹಾಕಿದೆವು. ಒಂದೊಂದಾಗಿ, ತಂತಿ ಹಿಡಿದು, ಉಸಿರು ಬಿಗಿಹಿಡಿದು. ನಂಬರು ಉಳಿಯಿತು, ಡಬ್ಬಿಯ ಸೆಲ್ಲುಗಳು ಮಾತ್ರ ಅಷ್ಟಕ್ಕೇ ಸತ್ತವು. ಆಗ ನನಗೆ ಹೊಳೆಯಿತು: ತಂದಿದ್ದ ಹೊಸ ಸೆಲ್ಲುಗಳ ಪೊಟ್ಟಣವನ್ನು ನಾನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನದ ಹೊಟ್ಟೆಗೆ ಕಳಿಸಿಬಿಟ್ಟಿದ್ದೆ.

"ಇಲ್ಲೆ ತಗಳನ ನಡೀರಿ," ಎಂದ ಹಾಲಪ್ಪ.

"ಇಷ್ಟು ಸಾಕಾಗ್ತಾವು. ಗೇಟು ದೂರ ಐತಿ," ಎಂದೆ ನಾನು. ಇದನ್ನು ಬರೆದಿಡುತ್ತಿದ್ದೇನೆ.

ಹಿಮದ ಮೇಲೆ, ಎಲ್ಲೋ

ಮಧ್ಯಾಹ್ನ ಒಂದೂವರೆಗೆ ಏರಿದ ವಿಮಾನ ಹತ್ತು ಗಂಟೆ ಹಾರಿ ಅದೇ ದಿನ ಮಧ್ಯಾಹ್ನ ಎರಡೂವರೆಗೆ ಇಳಿಯಿತು. ಈ ವಾಕ್ಯವನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಗ್ಲೋಬು ತಿರುಗಿಸಿ ಎಷ್ಟೋ ಸಲ ವಿವರಿಸಿದ್ದೇನೆ. ಒಳಗೆ ಕುಳಿತು ನೋಡಿದಾಗ ಆ ವಿವರಣೆ ಏನೇನೂ ಸಾಲದು. ಕಿಟಕಿಯ ಹೊರಗೆ ಸೂರ್ಯ ಒಂದೇ ಕಡೆ ನಿಂತಿದ್ದ. ನಾವು ಉಂಡೆವು, ಒಂದು ನಿದ್ದೆ ಮಾಡಿದೆವು, ಎದ್ದೆವು, ಮತ್ತೆ ಉಂಡೆವು. ಅವನು ಅಲ್ಲೇ. ಯಾರೋ ಮೊಳೆ ಹೊಡೆದು ತೂಗುಹಾಕಿದ ಹಾಗೆ. ಕೆಳಗೆ ಸಮುದ್ರ ಮುಗಿದು ಬಿಳಿ ಶುರುವಾಯಿತು. ಮೊದಲು ಮೋಡ ಅಂದುಕೊಂಡೆ. ಮೋಡವಾದರೆ ಅದಕ್ಕೆ ಬಿರುಕು ಇರುವುದಿಲ್ಲ. ಹಳ್ಳಿಯಿಲ್ಲ, ಹಾದಿಯಿಲ್ಲ, ನೆರಳು ಬೀಳಲು ಒಂದು ಮರವಿಲ್ಲ. ಗ್ರೀನ್‌ಲ್ಯಾಂಡ್ ಎಂದು ಮುಂದಿನ ಪರದೆ ಹೇಳಿತು.

ಹಾಲಪ್ಪ ಬಹಳ ಹೊತ್ತು ಹಣೆಯನ್ನು ಗಾಜಿಗೆ ಒತ್ತಿಕೊಂಡಿದ್ದ. ಆಮೇಲೆ, "ಸುಣ್ಣ ಬಳದಾರ," ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, ಇನ್ನೂ ಮೆಲ್ಲಗೆ, "ಒಂದ ಕೈ ಬಳದಾರ. ಎಲ್ಲೂ ಜೋಡು ಕಾಣವಲ್ದು, ಕೈ ನಿಂತ ಗುರುತ ಇಲ್ಲ."

ಕಿಟಕಿಯ ಅಂಚಿನಲ್ಲಿ ಅವನು ಎರಡು ಸೆಲ್ ಮಲಗಿಸಿದ್ದ. ಫ್ರಾಂಕ್‌ಫರ್ಟಿನಲ್ಲಿ ತೆಗೆದ ದಣಿದ ಜೋಡಿ. ನಮ್ಮ ಕಡೆ ಯಾರ ಮನೆಯಲ್ಲೂ ಸೆಲ್ ಸತ್ತರೆ ಅಂದೇ ಎಸೆಯುವುದಿಲ್ಲ. ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಬಿಸಿಲಿಗೆ ಇಡುತ್ತೇವೆ. ಸಂಜೆಗೆ ಒಂದು ವಾರ್ತೆ ಕೇಳುವಷ್ಟು ಜೀವ ಬಂದಿರುತ್ತದೆ. ಅದನ್ನು ಭೂಮಿಯಿಂದ ಆರು ಮೈಲಿ ಮೇಲೆ ಮಾಡಬಹುದೆಂದು ನನಗೆ ಹೊಳೆದಿರಲಿಲ್ಲ. ಅಲ್ಲಿ ಆ ದಿನ ಬಿಸಿಲಿಗೆ ಕೊರತೆಯಿರಲಿಲ್ಲ. ಗಗನಸಖಿ ಬಂದು ಅವುಗಳತ್ತ ನೋಡಿದಳು. ಹಾಲಪ್ಪ ಅಂಗೈ ಅಡ್ಡ ಹಿಡಿದು, "ಒಣಗಾಕ ಹಾಕೀನವ್ವ," ಎಂದ. ಅವಳು ತಲೆಯಾಡಿಸಿ ಮುಂದೆ ಹೋದಳು.

ಅಷ್ಟರಲ್ಲಿ ಯಂತ್ರದ ಪರದೆ ಮತ್ತೆ ಮಸುಕಾಯಿತು. ಈ ಸಲ ಬೇಗ. ಅಂಕದ ಕೊನೆಯ ಸೊನ್ನೆ ಕಾಣದಾಯಿತು, ಆಮೇಲೆ ಅದರ ಪಕ್ಕದ್ದು. ಹಾಲಪ್ಪ ಆಟ ನಿಲ್ಲಿಸಿ ಯಂತ್ರವನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡ, ಶಾಖ ಸಿಗಲಿ ಎಂದು.

"ಮೇಷ್ಟ್ರೆ, ಇಷ್ಟು ದೀಪ ಹಚ್ಯಾರ. ಎಲ್ಲಾ ಕಡಿ ಕರೆಂಟ್ ಐತಿ. ತಗಳಾಕ ಒಂದು ತೂತು ಇಟ್ಟಿಲ್ಲಲ್ರಿ."

ನನ್ನ ಇನ್ನೊಂದು ಪಕ್ಕ ಒಬ್ಬ ಮುದುಕಿ ಕುಳಿತಿದ್ದಳು. ಬೆಳ್ಳಗಿನ ಕೂದಲು, ಕಿವಿಗೆ ವಾಕ್‌ಮನ್ನಿನ ತಂತಿ. ಐದು ತಾಸಿನಿಂದ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಳು. ಆಗಲೇ ಎದ್ದಿರಬೇಕು. ನನ್ನ ಕೈಯಲ್ಲಿ ತಂತಿ, ಹಾಲಪ್ಪನ ಎದೆಯ ಮೇಲಿನ ಉಬ್ಬು, ಕಿಟಕಿಯಲ್ಲಿ ಸೆಲ್ಲು, ಎಲ್ಲವನ್ನೂ ಒಮ್ಮೆ ನೋಡಿದಳು. ಏನು ಎಂದು ಕೇಳಲಿಲ್ಲ. ತನ್ನ ವಾಕ್‌ಮನ್ ತೆರೆದು ಎರಡು ಸೆಲ್ ತೆಗೆದು ನನ್ನ ಮುಂದೆ ಹಿಡಿದಳು.

ಆಮೇಲೆ ನಡೆದದ್ದು ಇಷ್ಟೇ. ಕಿಟಕಿಯ ಸೆಲ್ಲುಗಳನ್ನು ಡಬ್ಬಿಗೆ ಹಾಕಿದೆವು. ಅವು ಕೈಗೆ ಬೆಚ್ಚಗಿದ್ದವು. ನಾನು ತಂತಿ ಮುಟ್ಟಿಸಿ ಹಿಡಿದೆ, ಕೆಂಪು ಮೇಲಿನದಕ್ಕೆ. ಹಾಲಪ್ಪ ಸೋತ ಜೋಡಿಯನ್ನು ತೆಗೆದ. ವಿಮಾನ ಅಲುಗಿತು. ಮುದುಕಿ ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದು ಅಲುಗದಂತೆ ಮಾಡಿದಳು. ಅರ್ಧ ನಿಮಿಷ ಇರಬಹುದು. ಆ ಅರ್ಧ ನಿಮಿಷ ಹುಲಿಗೆಮ್ಮನ ನಂಬರು ಬಿಸಿಲಿನ ಮೇಲೆ ನಿಂತಿತ್ತು, ಬೇರೆ ಏನೂ ಅದರ ಕೆಳಗಿರಲಿಲ್ಲ. ಹೊಸ ಸೆಲ್ಲು ಕೂತವು. ಪರದೆ ಕಪ್ಪಾಗಿ, ಸ್ಪಷ್ಟವಾಗಿ ಬಂತು. ಎರಡು, ಮೂರು, ಏಳು, ಸೊನ್ನೆ, ಸೊನ್ನೆ.

ಹಾಲಪ್ಪ ಅದನ್ನು ಮುದುಕಿಗೆ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಅಂಕವನ್ನು ಓದಿದಳು, ಹುಬ್ಬೇರಿಸಿದಳು, ಅವನ ಕೈ ಕುಲುಕಿದಳು. ಇದು ನನ್ನ ಕೈಯದಲ್ಲ, ನನ್ನ ಹೆಂಡತಿಯ ಕೈಯದು ಎಂದು ಅವನು ಹೇಳಲು ನೋಡಿದ. ಉಳಿದ ನಾಲ್ಕು ಗಂಟೆ ಅವಳು ಹಾಡಿಲ್ಲದ ವಾಕ್‌ಮನ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು.

"ಏನೂ ಕೇಳಲಿಲ್ಲ ನೋಡ್ರಿ," ಎಂದ ಹಾಲಪ್ಪ, ಇಳಿಯುವ ಹೊತ್ತಿಗೆ. ಅವನಿಗೆ ಸ್ವಲ್ಪ ನೋವಾದಂತಿತ್ತು. "ಯಾ ಊರು, ಯಾರ ಪೈಕಿ, ಎಷ್ಟು ಮಕ್ಕಳು, ಏನೂ ಇಲ್ಲ. ಕೊಟ್ಟುಬಿಟ್ಲು. ನಮ್ಮ ಕೊಟ್ಟೂರು ಬಸ್ಸಿನ್ಯಾಗ ಬೆಂಕಿಪೆಟ್ಟಿಗಿ ಕೊಡಾಕನೂ ಇಷ್ಟು ಸುಮ್ನ ಕೊಡಂಗಿಲ್ಲ."

ವ್ಯಾಂಕೂವರ್

ತೋಟದಲ್ಲಿ ನಮಗೆ ಕೊಟ್ಟ ಜಾಗ ಒಂದು ಹುಲ್ಲಿನ ಇಳಿಜಾರು. ಎದುರಿಗೆ ಸಮುದ್ರ, ಅದರಾಚೆ ಬೇಸಿಗೆಯಲ್ಲೂ ಬಿಳಿ ತಲೆಯ ಬೆಟ್ಟ. ಅಲ್ಲಿನ ಮಣ್ಣಿನಲ್ಲಿ ಮೊದಲೇ ಇಟ್ಟಿಗೆ ಮಾಡಿ ಒಣಗಿಸಿಟ್ಟಿದ್ದರು. ಹಾಲಪ್ಪ ಒಂದನ್ನು ಎತ್ತಿ ಮೂಸಿದ, ಮೂಲೆಯನ್ನು ನಾಲಿಗೆಗೆ ತಾಗಿಸಿದ, "ನಡೀತೈತಿ," ಎಂದ.

ಇಟ್ಟಿಗೆ ಕೊಡಲು ಒಬ್ಬ ಪ್ರೊಫೆಸರು ಬಂದರು. ದಪ್ಪ ಕೈಗವಸು, ದೊಡ್ಡ ಮನಸ್ಸು. ಹಾಲಪ್ಪ ಗೋಡೆಯತ್ತಲೇ ಕಣ್ಣಿಟ್ಟು, "ಇಟ್ಟಂಗಿ," ಎಂದು ಕೈ ಹಿಂದಕ್ಕೆ ಚಾಚಿದ. ಕೈ ಗಾಳಿಯಲ್ಲೇ ಉಳಿಯಿತು. ಪ್ರೊಫೆಸರು ಇಟ್ಟಿಗೆಯನ್ನು ಮೆಚ್ಚಿಕೊಂಡು ನೋಡುತ್ತಿದ್ದರು. ಕೊಟ್ಟಾಗಲೂ ತಲೆಕೆಳಗಾಗಿ ಕೊಟ್ಟರು. ಹಾಲಪ್ಪ ತಿರುಗಿಸಿಕೊಂಡ. ದಿನಕ್ಕೆ ನೂರು ಸಲ ಆ ಕೈ ಗಾಳಿಯಲ್ಲಿ ಉಳಿಯುವುದನ್ನು ನೋಡಿದೆ. ಮೂವತ್ತು ವರ್ಷ ಆ ಕೈ ಹಿಂದಕ್ಕೆ ಹೋದಾಗಲೆಲ್ಲ ಅಲ್ಲಿ ಇಟ್ಟಿಗೆ ಇದ್ದಿರಬೇಕು, ಬೇಕಾದದ್ದೇ, ಬೇಕಾದ ಮಗ್ಗುಲೇ.

ಅಂದು ಊಟದ ಹೊತ್ತಿನಲ್ಲಿ ಅವನು ಹೇಳಿದ, "ಯಾ ತುಂಡು ಎಲ್ಲಿಗೆ ಬೇಕು ಅಂತ ನನಗಿಂತ ಮುಂಚೆ ಅಕಿಗೆ ಗೊತ್ತಿರ್ತೈತಿ ಮೇಷ್ಟ್ರೆ. ನಾ ಬರೇ ಇಡಾಂವ. ತಿರುವಿ ಕೊಡಾಕಿ ಅಕಿ. ಅದಕ ಈ ಆಟದಾಗ ಅಕಿನ್ನ ಯಾರೂ ಮುಟ್ಟಾಕ ಆಗಂಗಿಲ್ಲ."

ಯಂತ್ರವನ್ನು ನಾಲ್ಕು ಮಂದಿಯಲ್ಲ, ನಲವತ್ತು ಮಂದಿ ನೋಡಿದರು. ಮೆಕ್ಸಿಕೋದಿಂದ ಬಂದ ಗೌಂಡಿಗಳು, ಆಫ್ರಿಕಾದ ಇಬ್ಬರು ಅಕ್ಕತಂಗಿಯರು, ಎಲ್ಲರೂ ಸರದಿಯಲ್ಲಿ ಆಡಿದರು. ಹತ್ತು ಸಾವಿರ ಯಾರೂ ದಾಟಲಿಲ್ಲ. ದೊಡ್ಡ ಪೆಟ್ಟಿಗೆಯ ಹೊಸ ಸೆಲ್ಲುಗಳು ಈಗ ಕೈಯಲ್ಲಿದ್ದವು. ನಂಬರಿಗೆ ಭಯವಿರಲಿಲ್ಲ.

ಗೋಡೆ ಮಾತ್ರ ನಿಧಾನವಾಯಿತು. ನಮ್ಮನ್ನು ಕರೆಸಿದ ಹೆಂಗಸು ಒಂದು ದಿನ ಕಾರಣ ಕೇಳಿದಳು. ಹೆಂಡತಿ ಇದ್ದಿದ್ದರೆ ಇಷ್ಟೊತ್ತಿಗೆ ಬಾಗಿಲಿನ ಮೇಲಕ್ಕೆ ಹೋಗುತ್ತಿದ್ದೆವು ಎಂಬ ಹಾಲಪ್ಪನ ಮಾತನ್ನು ನಾನು ಅನುವಾದಿಸಿದೆ. ಅವಳು ಆಶ್ಚರ್ಯದಿಂದ ನನ್ನನ್ನೇ ನೋಡಿದಳು. ಹಾಗಾದರೆ ಅವರನ್ನೇ ಕರೆತರಬಹುದಿತ್ತಲ್ಲ, ಮಾತು ಹೇಳುವವರನ್ನು ಇಲ್ಲಿ ನಾವೇ ಹುಡುಕಿಕೊಳ್ಳುತ್ತಿದ್ದೆವು ಎಂದಳು.

ಈ ಮಾತನ್ನು ನಾನು ಹಾಲಪ್ಪನಿಗೆ ಅನುವಾದಿಸಲಿಲ್ಲ.

ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾದ ಮಾತು. ಒಬ್ಬ ಗೌಂಡಿ, ಒಬ್ಬ ದುಭಾಷಿ ಎಂದು ಪತ್ರದಲ್ಲಿತ್ತು ಎಂದು ಮೊದಲಿಗೆ ಬರೆದೆ. ಪತ್ರದಲ್ಲಿ ಹಾಗಿರಲಿಲ್ಲ. ಇಬ್ಬರು ಎಂದಷ್ಟೇ ಇತ್ತು. ಎರಡನೆಯವರು ಯಾರೆಂದು ಬರೆದು ಕೇಳಲು ಒಂದು ಕಾಗದ ಸಾಕಿತ್ತು. ಆ ಕಾಗದ ಬರೆಯುವಷ್ಟು ಇಂಗ್ಲಿಷು ಆ ಕಟ್ಟೆಯ ಮೇಲೆ ನನ್ನೊಬ್ಬನಿಗೇ ಇತ್ತು. ಇಷ್ಟು ದಿನದಲ್ಲಿ ಆ ಪತ್ರ ನನ್ನ ನೆನಪಿನಲ್ಲಿ ನಾನು ಓದಿ ಹೇಳಿದ ಹಾಗೆಯೇ ತಿದ್ದಿಕೊಂಡು ಕುಳಿತಿತ್ತು. ಈ ಕಥನದ ಮೊದಲ ಪುಟ ಬರೆಯುವಾಗಲೂ ಕೈ ತಾನಾಗಿ ಹಾಗೆಯೇ ಬರೆಯಿತು. ಅಳಿಸಬಹುದಿತ್ತು. ಅಳಿಸಿಲ್ಲ.

ಮತ್ತೆ ಫ್ರಾಂಕ್‌ಫರ್ಟ್

ವಾಪಸಾಗುವಾಗ ಇಲ್ಲಿ ಏಳು ಗಂಟೆ ಕಾಯಬೇಕಿತ್ತು. ನಡು ಹಗಲು. ದೊಡ್ಡ ಗಾಜಿನ ಪಕ್ಕ ಹಾಲಪ್ಪ ಚಪ್ಪಲಿಯನ್ನು ತಲೆಯ ಕೆಳಗಿಟ್ಟು ಮಲಗಿದ್ದ. ಯಂತ್ರವನ್ನು ನನ್ನ ಕೈಗೆ ಕೊಟ್ಟಿದ್ದ, "ಕಾಯ್ರಿ," ಎಂದು.

ನಾನು ಆಡಿದೆ. ಮೊದಲು ಸುಮ್ಮನೆ. ಎಂದೂ ನಾನು ಏಳೆಂಟು ಸಾವಿರ ದಾಟಿದವನಲ್ಲ. ಅಂದು ಕೈಗೆ ಏನೋ ಬಂತು. ತುಂಡು ಕಾಣುವ ಮೊದಲೇ ಬೆರಳು ತಿರುಗುತ್ತಿತ್ತು. ಸಾಲುಗಳು ಎರಡು, ನಾಲ್ಕು ಒಟ್ಟಿಗೆ ಮಾಯವಾಗುತ್ತಿದ್ದವು. ಸುತ್ತಲ ಸದ್ದು ನಿಂತುಹೋಯಿತು. ನಾನು ಎಲ್ಲಿದ್ದೇನೆ, ಯಾರು ಎಂಬುದೂ ಹೋಯಿತು. ಆ ಪ್ರವಾಸದಲ್ಲಿ ಕಂಡ 'ಅದ್ಭುತ' ಯಾವುದೆಂದು ಸ್ನೇಹಿತರು ಕೇಳಿದರೆ ಹಿಮ ಎನ್ನುತ್ತೇನೆ. ಅದರಷ್ಟೇ ದೊಡ್ಡದು ಈ ಒಂದು ಗಂಟೆ. ಇದನ್ನು ಅವರಿಗೆ ಹೇಳುವುದಿಲ್ಲ.

ರಾಶಿ ಕೊನೆಗೆ ಮೇಲೆ ಮುಟ್ಟಿದಾಗ ಮೂಲೆಯನ್ನು ನೋಡಿದೆ. ಇಪ್ಪತ್ತನಾಲ್ಕು ಸಾವಿರದ ನೂರು.

ಇಪ್ಪತ್ತಮೂರು ಸಾವಿರ ದಾಟಿದಾಗ ನನಗೆ ತಿಳಿದಿತ್ತೇ? ತಿಳಿದಿರಲಿಲ್ಲ ಎಂದು ಬರೆಯಲು ಸುಲಭ. ಅಂಕದ ಕಡೆ ಒಮ್ಮೆ ಕಣ್ಣು ಹೋದ ನೆನಪಿದೆ. ಆಮೇಲೂ ಬೆರಳು ನಿಲ್ಲಲಿಲ್ಲ.

ಎಷ್ಟು ಆಡಿದರೂ ಆ ನಂಬರು ಇನ್ನು ವಾಪಸು ಬರುವುದಿಲ್ಲ. ಒಂದೇ ದಾರಿ ಇತ್ತು. ಸೆಲ್ ತೆಗೆದರೆ ನನ್ನದೂ ಅಳಿದುಹೋಗುತ್ತದೆ. ಸೆಲ್ ಸತ್ತವು ಎನ್ನಬಹುದು. ಯಾರ ತಪ್ಪೂ ಅಲ್ಲದ ಒಂದು ಸಾವು. ಮಲಗಿದ್ದ ಹಾಲಪ್ಪನನ್ನು ನೋಡಿದೆ. ತೆಗೆಯಲಿಲ್ಲ, ಇಡಲೂ ಇಲ್ಲ, ಟ್ಯೂಬಿನ ಮೇಲೆ ಬೆರಳಿಟ್ಟುಕೊಂಡೇ ಕುಳಿತೆ. ಮುಂಬೈಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬರುವಾಗಲೂ ಅದು ನನ್ನ ಚೀಲದಲ್ಲೇ ಇತ್ತು. ಕೂಡ್ಲಿಗಿ ದಾಟಿದ ಮೇಲೆ ಟ್ಯೂಬನ್ನು ಎಳೆದು ಎಳೆದು ಬಿಡುತ್ತಿದ್ದೆ. ಹಗರಿಬೊಮ್ಮನಹಳ್ಳಿ ಬರುವ ಮೊದಲು ಅದು ಹರಿಯಿತು. ಸೆಲ್ಲು ಬೀಳಲಿಲ್ಲ. ಬಿದ್ದಿದ್ದರೆ ಎಂದು ನಾನು ಆಗ ಆಸೆಪಟ್ಟೆನೋ ಹೆದರಿದೆನೋ, ಎರಡರಲ್ಲಿ ಯಾವುದನ್ನು ಬರೆದರೂ ಸುಳ್ಳಾಗುತ್ತದೆ. ಬೆರಳಿನಿಂದ ಅದುಮಿ ಹಿಡಿದುಕೊಂಡೇ ಊರು ಮುಟ್ಟಿದೆ.

ಹಂಪಸಾಗರ

ಹುಲಿಗೆಮ್ಮ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಯಂತ್ರ ಇಸಿದುಕೊಂಡಳು. ಒಂದು ನೋಟ.

"ಇದು ನಂದಲ್ಲ."

"ಏನಂತೀಲೇ? ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾದೀನಿ," ಎಂದ ಹಾಲಪ್ಪ. "ಯಾರೂ ಹತ್ತು ಸಾವಿರ ದಾಟಿಲ್ಲ ಅಲ್ಲೆ. ಹೇಳ್ರಿ ಮೇಷ್ಟ್ರೆ."

"ಅದು ನಂದು," ಎಂದೆ.

ಹಾಲಪ್ಪ ಅಂಗಿಯ ಮೇಲೆ, ಯಂತ್ರ ಇಟ್ಟುಕೊಂಡಿದ್ದ ಜಾಗದಲ್ಲಿ, ಕೈಯಾಡಿಸಿದ. ನಾನು ಫ್ರಾಂಕ್‌ಫರ್ಟಿನದನ್ನು ಹೇಳಿದೆ. ನಿಲ್ಲಿಸಿದರೆ ಮತ್ತೆ ಹೇಳಲಾರೆ ಎನ್ನಿಸಿ ಪತ್ರದ್ದನ್ನೂ ಹೇಳಿದೆ.

"ಇಬ್ಬರು ಅಂತ ಅಷ್ಟ ಇತ್ತಕ್ಕ. ದುಭಾಷಿ ಅಂತ ಇರಲಿಲ್ಲ. ನಾನ ಹಂಗ ಓದಿದೆ."

ಕೋಳಿಯೊಂದು ಕಟ್ಟೆ ಹತ್ತಿ ಇಳಿಯಿತು.

"ಹಂಗಂದ್ರ ಆ ಸೀಟು ನಂದು."

"ಹೌದಕ್ಕ."

"ಕಿಡಕಿ ಪಕ್ಕದ್ದೇನು?"

"ಅಲ್ಲ. ಕಿಡಕಿಗೆ ಇವರು ಕುಂತಿದ್ರು. ನಂದು ನಡುವಿಂದು."

"ಕಿಡಕಿಯಾಗ ಏನು ಕಾಣ್ತಿತ್ತು?"

ನಾನು ಹಿಮದ ವಿಷಯ ಶುರುಮಾಡಿದೆ. ಅವಳು ಕೈ ಎತ್ತಿ ತಡೆದಳು. "ನೀವು ಬ್ಯಾಡ್ರಿ. ನೀವು ಓದಿ ಹೇಳಿದ್ದು ಸಾಕು." ಗಂಡನ ಕಡೆ ತಿರುಗಿದಳು. "ನೀವು ಹೇಳ್ರಿ."

ಹಾಲಪ್ಪ ಯೋಚಿಸಿದ. "ಸುಣ್ಣ," ಎಂದ. "ಜೋಡು ಇಲ್ಲದ ಸುಣ್ಣ. ಹೊತ್ತು ಮುಣುಗಲಿಲ್ಲ."

ಅವಳು ಹೊಸ್ತಿಲ ಮೇಲೆ ಕುಳಿತು, ಸೆಲ್ಲು ಜಾರದಂತೆ ಯಂತ್ರದ ಬೆನ್ನನ್ನು ಮೊಣಕಾಲಿಗೆ ಆನಿಸಿ, ಗುಂಡಿ ಒತ್ತಿದಳು.

ಅವಳು ಆಡುವುದನ್ನು ನಾನು ನೂರು ಸಲ ನೋಡಿದ್ದೆ, ಕಂಡಿದ್ದು ಅಂದು. ತುಂಡು ಮೇಲೆ ಮೂಡುವಾಗಲೇ ಅದು ಅವಳ ಕೈಯಲ್ಲಿ ತಿರುಗಿ ಮುಗಿದಿರುತ್ತಿತ್ತು. ಅವಸರವಿಲ್ಲ. ಕೊಡುವುದಷ್ಟೇ, ಕೆಳಗೆ ಯಾರೋ ಕೈ ಚಾಚಿ ಕಾಯುತ್ತಿದ್ದಾರೆ ಎಂಬಂತೆ. ಫ್ರಾಂಕ್‌ಫರ್ಟಿನಲ್ಲಿ ನನ್ನ ಬೆರಳಿಗೆ ಒಂದು ಗಂಟೆ ಬಂದು ಹೋದದ್ದು ಇಲ್ಲಿ ಮನೆಯ ಆಳಿನಂತೆ ನಿತ್ಯ ಕೆಲಸ ಮಾಡಿಕೊಂಡಿತ್ತು.

ಹದಿನಾರು ಸಾವಿರ ದಾಟಿದಾಗ ಪರದೆ ಮಸುಕಾಗತೊಡಗಿತು. ಅವಳು ಆಟ ತಡೆದಳು. ಕಣ್ಣು ಪರದೆಯ ಮೇಲೇ ಇತ್ತು. ಒಂದು ಕೈ ಹಿಂದಕ್ಕೆ ಚಾಚಿ, "ಸೆಲ್," ಎಂದಳು.

ಹಾಲಪ್ಪ ಆಗಲೇ ಅಲ್ಲಿದ್ದ. ಪೊಟ್ಟಣ ಒಡೆದು, ತುದಿ ನೋಡಿ, ಸರಿಯಾದ ಮಗ್ಗುಲು ತಿರುಗಿಸಿ ಆ ಕೈಯೊಳಗಿಟ್ಟ. ಕೈ ಗಾಳಿಯಲ್ಲಿ ಒಂದು ಕ್ಷಣವೂ ಉಳಿಯಲಿಲ್ಲ. ಅವನು ಡಬ್ಬಿಯ ತಂತಿ ಮುಟ್ಟಿಸಿ ಹಿಡಿದ. ಅವಳು ಹಳೆಯದನ್ನು ಉದುರಿಸಿ ಹೊಸದನ್ನು ಕೂಡಿಸಿದಳು. ಬಿಗಿಯಲು ಟ್ಯೂಬು ಇರಲಿಲ್ಲ.

"ಮೇಷ್ಟ್ರೆ, ಬರ್ರಿ ಇಲ್ಲೆ. ಸೆಲ್ ಅದುಮಿ ಹಿಡ್ಕಳ್ರಿ. ಅಲಗಬ್ಯಾಡ್ರಿ."

ನಾನು ಹೊಸ್ತಿಲ ಕೆಳಗೆ ಮಂಡಿಯೂರಿ, ಯಂತ್ರದ ಬೆನ್ನಿಗೆ ಎರಡು ಹೆಬ್ಬೆರಳು ಒತ್ತಿ ಕುಳಿತೆ. ಅಲ್ಲಿಂದ ಪರದೆ ಕಾಣುವುದಿಲ್ಲ. ಕಾಣುವುದು ಅವಳ ಬೆರಳುಗಳು, ಅವುಗಳ ಹಿಂದೆ ಆಕಾಶ. ನನ್ನ ನಂಬರನ್ನು ಅವಳು ಯಾವಾಗ ದಾಟಿದಳೋ ನಾನು ನೋಡಲಿಲ್ಲ. ಸೆಲ್ ಹಿಡಿದುಕೊಂಡಿದ್ದೆ.